ಗಣಕದ ಪರದೆಯ ಮೇಲೆ ದೂರದರ್ಶನ

ಗಣಕಯಂತ್ರದ ಪರದೆಯ ಮೇಲೆ ದೂರದರ್ಶನದ ಕಾರ್ಯಕ್ರಮಗಳನ್ನು ನೋಡುವುದು ಈಗ ಯಾರಿಗೂ ಹೊಸ ಸಂಗತಿಯಲ್ಲ. ಉಪಗ್ರಹದ ಸಂಕೇತವನ್ನು ಗ್ರಹಿಸುವ ಸೆಟ್‌ಟಾಪ್ ಪೆಟ್ಟಿಗೆಯನ್ನಾಗಲಿ, ಹಳೆಯ ವಿಡಿಯೋ ಟೇಪನ್ನು ನಡೆಸುವ ಯಂತ್ರವನ್ನಾಗಲಿ ಬೆರಳುದ್ದದ ಒಂದು ಕ್ಯಾಪ್ಚರ್ ಸಾಧನದ ಮೂಲಕ ಗಣಕಕ್ಕೆ ಜೋಡಿಸಿದರೆ, ಸೂಕ್ತವಾದ ತಂತ್ರಾಂಶದ ಸಹಾಯದಿಂದ ಚಿತ್ರವೂ ಧ್ವನಿಯೂ ದೊರೆಯುತ್ತವೆ. ಅಂತರಜಾಲದ ಮೂಲಕ ಬರುವ ವಾಹಿನಿಗಳಿಗೆ ಆ ಸಾಧನವೂ ಬೇಕಾಗುವುದಿಲ್ಲ.

ಆದರೆ ಹೀಗೆ ದೊರೆತ ಚಿತ್ರ ಅನೇಕ ವೇಳೆ ತೃಪ್ತಿಕರವಾಗಿರುವುದಿಲ್ಲ. ಓಡುತ್ತಿರುವ ಆಟಗಾರನ ಮೈಯ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿಕೊಂಡು ಕಾಣುವುದು. ವಾರ್ತೆಯನ್ನು ಓದುವವರ ಮುಖ ಅಡ್ಡಲಾಗಿ ಊದಿಕೊಂಡಿರುವುದು. ಕಪ್ಪಾಗಿರಬೇಕಾದ ಕೂದಲು ಬೂದಿಯ ಬಣ್ಣವನ್ನು ತಾಳಿರುವುದು. ತುಟಿ ಅಲುಗುವುದು ಒಂದು ಕ್ಷಣದಲ್ಲಾದರೆ ಮಾತು ಕೇಳಿಸುವುದು ಇನ್ನೊಂದು ಕ್ಷಣದಲ್ಲಿ. ಇಂತಹ ದೋಷಗಳನ್ನು ನಿವಾರಿಸಲೆಂದು ತಂತ್ರಾಂಶವನ್ನು ರಚಿಸಿದವರು ಹತ್ತಾರು ಹೊಂದಾಣಿಕೆಗಳನ್ನು, ಎಂದರೆ ಸೆಟ್ಟಿಂಗುಗಳನ್ನು, ಒದಗಿಸಿರುತ್ತಾರೆ. ಅವುಗಳ ಅರ್ಥ ತಿಳಿಯದವರು ಒಂದೊಂದನ್ನೂ ಒತ್ತಿ ನೋಡುತ್ತ, ಒಂದು ದೋಷವನ್ನು ಕಳೆಯಲು ಹೋಗಿ ಇನ್ನೊಂದನ್ನು ತಂದುಕೊಳ್ಳುತ್ತಾರೆ.

ಈ ಹೊಂದಾಣಿಕೆಗಳಲ್ಲಿ ಮುಖ್ಯವಾದವು ನೋಡುವವರ ಅಭಿರುಚಿಗೆ ಬಿಟ್ಟವಲ್ಲ. ಅವುಗಳಲ್ಲಿ ಒಂದೊಂದೂ ಒಂದು ಪ್ರಶ್ನೆ: “ಈ ಚಿತ್ರವನ್ನು ಕಳುಹಿಸಿದವರು ಇದನ್ನು ಯಾವ ಕ್ರಮದಲ್ಲಿ ಜೋಡಿಸಿದ್ದರು?” ಕಳುಹಿಸಿದವರ ಕ್ರಮಕ್ಕೂ ನಾವು ಕೊಟ್ಟ ಉತ್ತರಕ್ಕೂ ತಾಳೆಯಾದರೆ ಚಿತ್ರ ಸರಿಯಾಗಿ ಮೂಡುತ್ತದೆ, ಇಲ್ಲವಾದರೆ ಕೆಡುತ್ತದೆ. ಆದ್ದರಿಂದ ಆ ಕ್ರಮ ಯಾವುದು, ಅದು ಏಕೆ ಹಾಗಾಯಿತು ಎಂಬುದನ್ನು ತಿಳಿದುಕೊಳ್ಳುವುದೇ ಸರಿಯಾದ ಮಾರ್ಗ.

ಉದಾಹರಣೆಗಾಗಿ ವಿಎಲ್‌ಸಿ ಎಂಬ ತಂತ್ರಾಂಶವನ್ನು ತೆಗೆದುಕೊಳ್ಳೋಣ. ಕಿತ್ತಳೆ ಬಣ್ಣದ ಶಂಕುವಿನ ಗುರುತಿನಿಂದ ಇದು ಬಹುಮಂದಿಗೆ ಪರಿಚಿತವಾಗಿದೆ. ಇದು ಹುಟ್ಟಿದ್ದೂ ದೂರದರ್ಶನವನ್ನು ನೋಡುವ ಸಲುವಾಗಿಯೇ. ಹುಟ್ಟಿಸಿದವರು ಕಾಲೇಜು ವಿದ್ಯಾರ್ಥಿಗಳು. ಫ್ರಾನ್ಸಿನ ಎಕೋಲ್ ಸೆಂಟ್ರಾಲ್ ಪ್ಯಾರಿಸ್ ಎಂಬ ಎಂಜಿನಿಯರಿಂಗ್ ವಿದ್ಯಾಲಯದ ವಿದ್ಯಾರ್ಥಿಗಳು ಉಪಗ್ರಹದ ಕಾರ್ಯಕ್ರಮಗಳನ್ನು ಒಂದೇ ದೊಡ್ಡ ಆಂಟೆನಾದಿಂದ ಗ್ರಹಿಸಿ, ವಿದ್ಯಾಲಯದ ಗಣಕಜಾಲದ ಮೂಲಕ ಎಲ್ಲ ಕೊಠಡಿಗಳಿಗೂ ಹಂಚಬೇಕೆಂದು ೧೯೯೬ರಲ್ಲಿ ಈ ಕಾರ್ಯವನ್ನು ಕೈಗೊಂಡರು. ೨೦೦೧ರ ಫೆಬ್ರವರಿಯಲ್ಲಿ ಇದು ಯಾರು ಬೇಕಾದರೂ ಪಡೆದು, ಪರೀಕ್ಷಿಸಿ, ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶವಾಯಿತು. ಇಲ್ಲಿ ಹೇಳುವ ತತ್ತ್ವಗಳು ಇದೇ ಜಾತಿಯ ಬೇರೆ ತಂತ್ರಾಂಶಗಳಿಗೂ ಅನ್ವಯಿಸುತ್ತವೆ.

ಗೆರೆಗಳಿಂದ ಆದ ಚಿತ್ರ

ದೂರದರ್ಶನದ ಚಿತ್ರ ಒಟ್ಟಾಗಿ ಒಂದೇ ಸಲಕ್ಕೆ ಬರುವುದಿಲ್ಲ. ಪುಸ್ತಕದ ಪುಟವನ್ನು ಎಡದಿಂದ ಬಲಕ್ಕೆ ಸಾಲುಸಾಲಾಗಿ ಓದುವಂತೆ, ಚಿತ್ರವನ್ನು ಗೆರೆಗೆರೆಯಾಗಿ ಬಿಡಿಸಿ ಕಳುಹಿಸುತ್ತಾರೆ. ೧೯೫೯ರ ಸೆಪ್ಟೆಂಬರ್ ೧೫ರಂದು ದೆಹಲಿಯಲ್ಲಿ ಪ್ರಾರಂಭವಾದ ಭಾರತದ ದೂರದರ್ಶನ ಅನುಸರಿಸಿದ ಪದ್ಧತಿಯಲ್ಲಿ ಒಂದು ಪೂರ್ಣ ಚಿತ್ರಕ್ಕೆ ೬೨೫ ಗೆರೆಗಳು; ಸೆಕೆಂಡಿಗೆ ೨೫ ಪೂರ್ಣ ಚಿತ್ರಗಳು. ಎಂದರೆ ಸೆಕೆಂಡಿಗೆ ೧೫,೬೨೫ ಗೆರೆಗಳು. ಇವುಗಳಲ್ಲಿ ಚಿತ್ರವನ್ನು ಹೊತ್ತು ಬರುವ ಗೆರೆಗಳು ಪ್ರತಿ ಪೂರ್ಣ ಚಿತ್ರದಲ್ಲಿಯೂ ೫೭೬ ಮಾತ್ರ. ಉಳಿದವು ಎಲೆಕ್ಟ್ರಾನ್ ಕಿರಣ ಕೆಳತುದಿಯಿಂದ ಮೇಲಕ್ಕೆ ಹಿಂದಿರುಗುವ ಅವಧಿಗೆ ಮೀಸಲಾಗಿದ್ದವು.

ಸೆಕೆಂಡಿಗೆ ೨೫ ಚಿತ್ರಗಳಿದ್ದರೆ ಚಲನೆಯ ಭ್ರಮೆ ಚೆನ್ನಾಗಿಯೇ ಉಂಟಾಗುತ್ತದೆ. ಆದರೆ ಪರದೆ ಸೆಕೆಂಡಿಗೆ ೨೫ ಸಲ ಮಾತ್ರ ಬೆಳಗಿ ಆರಿದರೆ ಕಣ್ಣಿಗೆ ಅಸಹನೀಯವಾದ ಮಿಣುಕು ತೋರುತ್ತದೆ. ಸಿನಿಮಾದವರು ಇದೇ ತೊಂದರೆಯನ್ನು ಎದುರಿಸಿದಾಗ, ಸೆಕೆಂಡಿಗೆ ೨೪ರಂತೆ ಬರುವ ಪ್ರತಿಯೊಂದು ಚಿತ್ರವನ್ನೂ ಎರಡೆರಡು ಸಲ ಬೆಳಗಿಸಿ ೪೮ ಮಾಡಿಕೊಂಡರು. ಆಗಿನ ದೂರದರ್ಶನ ಗ್ರಾಹಕದಲ್ಲಿ ಚಿತ್ರವನ್ನು ಹಿಡಿದಿಟ್ಟು ಮತ್ತೊಮ್ಮೆ ತೋರಿಸುವ ಸೌಕರ್ಯವಿರಲಿಲ್ಲ. ಸೆಕೆಂಡಿಗೆ ೫೦ ಪೂರ್ಣ ಚಿತ್ರಗಳನ್ನೇ ಕಳುಹಿಸೋಣವೆಂದರೆ ಗೆರೆಗಳ ಸಂಖ್ಯೆ ೩೧,೨೫೦ಕ್ಕೆ ಏರಿ, ರೇಡಿಯೋ ತರಂಗಗಳಲ್ಲಿ ಪ್ರತಿ ವಾಹಿನಿಗೂ ಇಮ್ಮಡಿ ಸ್ಥಳ ಬೇಕಾಗುತ್ತಿತ್ತು.

ಇದಕ್ಕೆ ಕಂಡುಕೊಂಡ ಉಪಾಯವನ್ನು ಇಂಟರ್‌ಲೇಸಿಂಗ್ ಎನ್ನುತ್ತಾರೆ. ಪುಟದಲ್ಲಿನ ಬೆಸ ಸಾಲುಗಳನ್ನೆಲ್ಲ ಮೊದಲು ಬರೆದು, ಪುನಃ ಮೇಲಿನಿಂದ ಪ್ರಾರಂಭಿಸಿ ಸಮ ಸಾಲುಗಳನ್ನು ಅವುಗಳ ನಡುವೆ ತುಂಬುವುದನ್ನು ಊಹಿಸಿಕೊಳ್ಳಿ. ಹೀಗೆ ಒಂದು ಪೂರ್ಣ ಚಿತ್ರ ಎರಡು ಅರ್ಧಚಿತ್ರಗಳಾಗಿ ಬರುತ್ತದೆ. ಸೆಕೆಂಡಿಗೆ ಅರ್ಧಚಿತ್ರಗಳು ೫೦; ಪರದೆ ೫೦ ಸಲ ಬೆಳಗುವುದರಿಂದ ಮಿಣುಕು ತಗ್ಗುತ್ತದೆ; ಕಳುಹಿಸಬೇಕಾದ ಗೆರೆಗಳು ಮಾತ್ರ ೧೫,೬೨೫ನ್ನು ಮೀರುವುದಿಲ್ಲ. ಲಂಡನ್ನಿನಲ್ಲಿ ಬಿಬಿಸಿ ೧೯೩೬ರಲ್ಲಿ ಪ್ರಾರಂಭಿಸಿದ ೪೦೫ ಗೆರೆಗಳ ಪ್ರಸಾರ ಕೂಡ ಇದೇ ವಿಧಾನವನ್ನು ಅನುಸರಿಸಿತ್ತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಎರಡು ಅರ್ಧಚಿತ್ರಗಳನ್ನು ಕ್ಯಾಮೆರಾ ಒಂದೇ ಕ್ಷಣದಲ್ಲಿ ತೆಗೆದಿರುವುದಿಲ್ಲ. ಅವುಗಳ ನಡುವೆ ಸೆಕೆಂಡಿನ ೫೦ನೆಯ ಒಂದು ಭಾಗದಷ್ಟು ಅಂತರವಿರುತ್ತದೆ. ಮುಂದೆ ಹೇಳುವ ತೊಡಕಿಗೆಲ್ಲ ಇದೇ ಮೂಲ.

ಮೊದಲ ಪ್ರಶ್ನೆ: ಪದ್ಧತಿ ಯಾವುದು?

ಸೆಟ್‌ಟಾಪ್ ಪೆಟ್ಟಿಗೆಯ ಹಳದಿ ತಂತಿಯನ್ನು ಕ್ಯಾಪ್ಚರ್ ಸಾಧನಕ್ಕೆ ಜೋಡಿಸಿದಾಗ ತಂತ್ರಾಂಶ ಮೊದಲು ಕೇಳುವುದು ವರ್ಣಪದ್ಧತಿಯನ್ನು. ಪಾಲ್, ಎನ್‌ಟಿಎಸ್‌ಸಿ, ಸೆಕಾಮ್ ಎಂಬ ಮೂರು ಹೆಸರುಗಳು ಅಲ್ಲಿ ಕಾಣುತ್ತವೆ. ಎನ್‌ಟಿಎಸ್‌ಸಿ ಅಮೆರಿಕದ ವರ್ಣಪದ್ಧತಿ, ೧೯೫೩ರದು. ಅದರಲ್ಲಿ ೫೨೫ ಗೆರೆಗಳು, ಸೆಕೆಂಡಿಗೆ ಸುಮಾರು ೬೦ ಅರ್ಧಚಿತ್ರಗಳು. ಅದರಲ್ಲಿ ಸಂಕೇತ ದಾರಿಯಲ್ಲಿ ಸ್ವಲ್ಪ ವ್ಯತ್ಯಾಸಗೊಂಡರೂ ಬಣ್ಣ ಬದಲಾಗುತ್ತಿತ್ತು. ಜರ್ಮನಿಯ ಟೆಲಿಫುಂಕನ್ ಸಂಸ್ಥೆಯ ವಾಲ್ಟರ್ ಬ್ರುಖ್ ಎಂಬ ಎಂಜಿನಿಯರು ೧೯೬೦ರ ದಶಕದ ಆದಿಭಾಗದಲ್ಲಿ, ಬಣ್ಣದ ಸಂಕೇತದ ಒಂದು ಅಂಶವನ್ನು ಗೆರೆ ಬಿಟ್ಟು ಗೆರೆಗೆ ತಿರುಗುಮುರುಗು ಮಾಡಿ ಕಳುಹಿಸುವ ಪಾಲ್ ಪದ್ಧತಿಯನ್ನು ರೂಪಿಸಿದನು. ಹೀಗೆ ಮಾಡುವುದರಿಂದ ಒಂದು ಗೆರೆಯಲ್ಲಿ ಉಂಟಾದ ದೋಷವೂ ಅದರ ಮುಂದಿನ ಗೆರೆಯಲ್ಲಿ ಉಂಟಾದ ದೋಷವೂ ವಿರುದ್ಧ ದಿಕ್ಕಿನವಾಗಿ ಪರಸ್ಪರ ರದ್ದಾಗುತ್ತವೆ. ೧೯೮೨ರಲ್ಲಿ ಭಾರತ ವರ್ಣಪ್ರಸಾರವನ್ನು ಕೈಗೊಂಡಾಗ ಆರಿಸಿಕೊಂಡದ್ದು ಈ ಪದ್ಧತಿಯನ್ನೇ. ಭೂಮಿಯ ಮೇಲಿನ ಹಳೆಯ ಪ್ರೇಷಕಗಳು ೨೦೨೨ರ ಹೊತ್ತಿಗೆ ಬಹುಮಟ್ಟಿಗೆ ನಿಂತುಹೋದರೂ, ನಮ್ಮ ಸೆಟ್‌ಟಾಪ್ ಪೆಟ್ಟಿಗೆಗಳ ಹಳದಿ ತಂತಿಯಲ್ಲಿಯೂ ನಮ್ಮ ಮನೆಗಳ ಹಳೆಯ ಟೇಪುಗಳಲ್ಲಿಯೂ ಸಾಮಾನ್ಯವಾಗಿ ಇರುವುದು ಪಾಲ್ ಸಂಕೇತವೇ.

ಆದ್ದರಿಂದ ಇಲ್ಲಿ ಪಾಲ್ ಎಂದೇ ಉತ್ತರ ಕೊಡಬೇಕು. ಅಮೆರಿಕದ ಪದ್ಧತಿಯನ್ನು ಆರಿಸಿದರೆ ಬಣ್ಣ ಅಳಿಸಿಹೋಗಬಹುದು. ಗೆರೆಗಳ ಲೆಕ್ಕ ತಪ್ಪಿ ಚಿತ್ರ ನಿಲ್ಲದೆ ಉರುಳಬಹುದು. ಆಂಟೆನಾ ಕುಳಿಯ ಮೂಲಕವೇ ಸಂಕೇತವನ್ನು ಕೊಡುವ ಹಳೆಯ ಯಂತ್ರವಾದರೆ ಪಾಲ್ ಜಾತಿಯೊಳಗಿನ ಉಪಜಾತಿಯನ್ನೂ ಗಮನಿಸಬೇಕು. ಭಾರತದಲ್ಲಿ ಬಳಸಿದ ಪಾಲ್-ಬಿ ಕ್ರಮದಲ್ಲಿ ಧ್ವನಿಯ ತರಂಗ ಚಿತ್ರದ ತರಂಗಕ್ಕಿಂತ ೫.೫ ಮೆಗಾಹರ್ಟ್ಸ್ ಮೇಲಿರುತ್ತದೆ. ಬ್ರಿಟನ್ನಿನ ಪಾಲ್-ಐ ಕ್ರಮದಲ್ಲಿ ೬ ಮೆಗಾಹರ್ಟ್ಸ್. ಚಿತ್ರ ಸ್ವಚ್ಛವಾಗಿ ಬಂದು ಧ್ವನಿ ಮಾತ್ರ ಬಾರದಿದ್ದರೆ ಮೊದಲು ಸಂಶಯಿಸಬೇಕಾದುದು ಈ ಆಯ್ಕೆಯನ್ನು.

ಎರಡನೆಯ ಪ್ರಶ್ನೆ: ಗೆರೆಗಳನ್ನು ಹೇಗೆ ಕೂಡಿಸಬೇಕು?

ಗಣಕದ ಪರದೆ ಹಳೆಯ ಚಿತ್ರನಳಿಗೆಯಂತೆ ಅರ್ಧರ್ಧವಾಗಿ ಚಿತ್ರವನ್ನು ಬಿಡಿಸುವುದಿಲ್ಲ; ಅದಕ್ಕೆ ಪ್ರತಿ ಸಲವೂ ಪೂರ್ಣ ಚಿತ್ರವೇ ಬೇಕು. ಬೆಸ ಗೆರೆಗಳ ಅರ್ಧವನ್ನೂ ಸಮ ಗೆರೆಗಳ ಅರ್ಧವನ್ನೂ ಸುಮ್ಮನೆ ಹೆಣೆದುಬಿಟ್ಟರೆ ನಿಶ್ಚಲವಾದ ವಸ್ತುಗಳು ಯಾವ ಕೊರತೆಯೂ ಇಲ್ಲದೆ ಕಾಣುತ್ತವೆ. ಚಲಿಸುವ ವಸ್ತುಗಳ ಗತಿ ಬೇರೆ. ಸೆಕೆಂಡಿಗೆ ೭ ಮೀಟರಿನಂತೆ ಓಡುವ ಆಟಗಾರ ಎರಡು ಅರ್ಧಚಿತ್ರಗಳ ನಡುವೆ ೧೪ ಸೆಂಟಿಮೀಟರ್ ಮುಂದೆ ಸಾಗಿರುತ್ತಾನೆ. ಗಂಟೆಗೆ ೧೪೦ ಕಿಲೋಮೀಟರ್ ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡು ಸೆಕೆಂಡಿಗೆ ಸುಮಾರು ೩೯ ಮೀಟರ್ ಸಾಗುವುದರಿಂದ, ಅಷ್ಟರಲ್ಲಿ ೭೮ ಸೆಂಟಿಮೀಟರ್ ದೂರ ಹೋಗಿರುತ್ತದೆ. ಬೆಸ ಗೆರೆಗಳು ಅದನ್ನು ಒಂದು ಕಡೆ ತೋರಿಸಿದರೆ ಸಮ ಗೆರೆಗಳು ಇನ್ನೊಂದು ಕಡೆ ತೋರಿಸುತ್ತವೆ. ಬಾಚಣಿಗೆಯ ಹಲ್ಲು ಎಂದು ಮೊದಲು ಹೇಳಿದ್ದು ಇದನ್ನೇ.

ಇದನ್ನು ಹೋಗಲಾಡಿಸುವ ಕ್ರಿಯೆಗೆ ಡೀಇಂಟರ್‌ಲೇಸಿಂಗ್ ಎಂದು ಹೆಸರು. ವಿಎಲ್‌ಸಿಯ ವಿಡಿಯೋ ಎಂಬ ಪಟ್ಟಿಯಲ್ಲಿ ಇದನ್ನು ನಿಲ್ಲಿಸಲು, ನಡೆಸಲು ಅಥವಾ ತಂತ್ರಾಂಶದ ನಿರ್ಧಾರಕ್ಕೆ ಬಿಡಲು ಮೂರು ಆಯ್ಕೆಗಳಿವೆ. ಅದರ ಕೆಳಗಿನ ಇನ್ನೊಂದು ಪಟ್ಟಿಯಲ್ಲಿ ವಿಧಾನಗಳ ಹೆಸರುಗಳಿವೆ. ಅವುಗಳಲ್ಲಿ ನಾಲ್ಕನ್ನು ತಿಳಿದರೆ ಉಳಿದವು ಸುಲಭವಾಗಿ ಅರ್ಥವಾಗುತ್ತವೆ.

ಡಿಸ್ಕಾರ್ಡ್ ಎಂಬುದು ಎರಡು ಅರ್ಧಚಿತ್ರಗಳಲ್ಲಿ ಒಂದನ್ನು ಬಿಸುಟು, ಉಳಿದ ೨೮೮ ಗೆರೆಗಳನ್ನೇ ಹಿಗ್ಗಿಸಿ ತೋರಿಸುವ ವಿಧಾನ. ಹಲ್ಲುಗಳೇನೋ ಮಾಯವಾಗುತ್ತವೆ, ಅವುಗಳೊಡನೆ ಚಿತ್ರದ ಅರ್ಧ ವಿವರವೂ ಮಾಯವಾಗುತ್ತದೆ. ಬ್ಲೆಂಡ್ ಎಂಬುದು ಎರಡನ್ನೂ ಬೆರೆಸುತ್ತದೆ. ಇದರಿಂದ ಒಂದು ಚೆಂಡಿನ ಸ್ಥಳದಲ್ಲಿ ಎರಡು ಮಸುಕಾದ ಚೆಂಡುಗಳು ಕಾಣುತ್ತವೆ. ಬಾಬ್ ಎಂಬುದು ಪ್ರತಿಯೊಂದು ಅರ್ಧಚಿತ್ರವನ್ನೂ ಪ್ರತ್ಯೇಕವಾಗಿ ಹಿಗ್ಗಿಸಿ ಸೆಕೆಂಡಿಗೆ ೫೦ ಚಿತ್ರಗಳನ್ನು ಕೊಡುತ್ತದೆ. ಚಲನೆ ನಯವಾಗಿರುತ್ತದೆ, ಆದರೆ ಸೀರೆಯ ಅಂಚಿನಂತಹ ಅಡ್ಡ ಗೆರೆಗಳು ಮೇಲೆ ಕೆಳಗೆ ನಡುಗುತ್ತವೆ.

ನಾಲ್ಕನೆಯದು ಯಾಡಿಫ್. ಮೈಕೆಲ್ ನೀಡರ್‌ಮಾಯರ್ ಎಂಬವರು ರಚಿಸಿದ ಈ ವಿಧಾನ ಪ್ರತಿ ಬಿಂದುವಿನಲ್ಲಿಯೂ ಹಿಂದಿನ ಹಾಗೂ ಮುಂದಿನ ಅರ್ಧಚಿತ್ರಗಳನ್ನು ಹೋಲಿಸಿ ನೋಡುತ್ತದೆ. ಅಲ್ಲಿ ಚಲನೆ ಇಲ್ಲವೆಂದು ಕಂಡರೆ ಪಕ್ಕದ ಅರ್ಧಚಿತ್ರದ ಗೆರೆಗೆ ಸಮೀಪವಾದ ಬೆಲೆಯನ್ನೇ ಉಳಿಸಿಕೊಳ್ಳುತ್ತದೆ; ಚಲನೆ ಇದೆಯೆಂದು ಕಂಡರೆ ಮೇಲಿನ ಮತ್ತು ಕೆಳಗಿನ ಗೆರೆಗಳಿಂದ, ಅಂಚು ಯಾವ ದಿಕ್ಕಿಗೆ ಬಾಗಿದೆ ಎಂಬುದನ್ನು ಅನುಸರಿಸಿ, ನಡುವಣ ಗೆರೆಯನ್ನು ಊಹಿಸಿ ತುಂಬುತ್ತದೆ. ಇದರ ಎರಡನೆಯ ರೂಪ ಯಾಡಿಫ್ ೨ಎಕ್ಸ್; ಅದು ಸೆಕೆಂಡಿಗೆ ೫೦ ಪೂರ್ಣ ಚಿತ್ರಗಳನ್ನು ಕೊಡುತ್ತದೆ. ಕ್ರೀಡೆಗಳಿಗೂ ನೃತ್ಯಕ್ಕೂ ಇದೇ ಉತ್ತಮ. ಗಣಕಕ್ಕೆ ಇದರಿಂದ ಕೆಲಸ ಹೆಚ್ಚಾಗುವುದರಿಂದ ತೀರ ಹಳೆಯ ಯಂತ್ರಗಳಲ್ಲಿ ಚಿತ್ರ ತಡೆತಡೆದು ಬರಬಹುದು. ಅಂತಹ ಕಡೆ ಬಾಬ್ ಸಾಕು.

ಹಾಗಾದರೆ ಯಾಡಿಫ್ ೨ಎಕ್ಸನ್ನು ಒಮ್ಮೆ ಇಟ್ಟು ಮರೆತುಬಿಡಬಹುದೇ? ಅದೂ ಸರಿಯಲ್ಲ. ಹಳೆಯ ಕನ್ನಡ ಚಲನಚಿತ್ರವೊಂದು ದೂರದರ್ಶನದಲ್ಲಿ ಬರುತ್ತಿದೆ ಎನ್ನೋಣ. ಫಿಲ್ಮಿನ ಒಂದು ಚೌಕಟ್ಟಿನಿಂದಲೇ ಎರಡು ಅರ್ಧಚಿತ್ರಗಳನ್ನೂ ತೆಗೆದಿರುತ್ತಾರೆ. ಎರಡೂ ಒಂದೇ ಕ್ಷಣದವು. ಅವುಗಳನ್ನು ಸುಮ್ಮನೆ ಹೆಣೆದರೆ ಫಿಲ್ಮಿನ ಚೌಕಟ್ಟೇ ಪೂರ್ಣವಾಗಿ ಮರಳಿ ದೊರೆಯುತ್ತದೆ. ಅಲ್ಲಿ ಡೀಇಂಟರ್‌ಲೇಸಿಂಗನ್ನು ನಿಲ್ಲಿಸುವುದೇ ಮೇಲು. ಒಂದೇ ವಾಹಿನಿಯಲ್ಲಿ ವಾರ್ತೆಗೆ ಒಂದು ಉತ್ತರ, ಚಲನಚಿತ್ರಕ್ಕೆ ಇನ್ನೊಂದು ಉತ್ತರ! ತಂತ್ರಾಂಶದ ನಿರ್ಧಾರಕ್ಕೆ ಬಿಡುವ ಆಯ್ಕೆ ಸಂಕೇತದಲ್ಲಿರುವ ಗುರುತನ್ನು ಓದಿ ನಡೆಯುವುದರಿಂದ, ಗುರುತು ತಪ್ಪಾಗಿದ್ದರೆ ಅದೂ ತಪ್ಪುತ್ತದೆ. ಇಲ್ಲಿ ಕೊನೆಯ ನಿರ್ಣಯ ನೋಡುವವರ ಕಣ್ಣಿನದೇ. (ಪ್ರಾಸಂಗಿಕವಾಗಿ ಹೇಳುವುದಾದರೆ, ೨೪ ಚೌಕಟ್ಟಿನ ಫಿಲ್ಮನ್ನು ಸೆಕೆಂಡಿಗೆ ೨೫ರಂತೆ ಓಡಿಸುವುದರಿಂದ ೧೫೦ ನಿಮಿಷದ ಚಿತ್ರ ೧೪೪ ನಿಮಿಷದಲ್ಲಿ ಮುಗಿಯುತ್ತದೆ, ಶ್ರುತಿಯನ್ನು ಬೇರೆಯಾಗಿ ಸರಿಪಡಿಸದಿದ್ದರೆ ಹಾಡಿನ ಶ್ರುತಿಯೂ ಸ್ವಲ್ಪ ಏರುತ್ತದೆ.)

ಅರ್ಧಚಿತ್ರಗಳ ಅನುಕ್ರಮವೂ ಮುಖ್ಯ. ಒಂದು, ಎರಡು, ಮೂರು, ನಾಲ್ಕು ಎಂದು ಬರಬೇಕಾದವು ಎರಡು, ಒಂದು, ನಾಲ್ಕು, ಮೂರು ಎಂದು ಬಂದರೆ ಓಡುವವನು ಪ್ರತಿ ಹೆಜ್ಜೆಗೂ ಹಿಂದಕ್ಕೆ ಜಗ್ಗಿದಂತೆ ಕಾಣುತ್ತಾನೆ. ಅಂತಹ ನಡುಕ ಕಂಡಾಗ ಮೇಲಿನ ಗೆರೆ ಮೊದಲೋ ಕೆಳಗಿನ ಗೆರೆ ಮೊದಲೋ ಎಂಬ ಹೊಂದಾಣಿಕೆಯನ್ನು ಬದಲಾಯಿಸಿ ನೋಡಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಚಲನೆ ಸ್ವಲ್ಪ ತಡವರಿಸಿದರೆ ಕಾರಣ ತಂತ್ರಾಂಶದಲ್ಲಿರದೆ ಪರದೆಯಲ್ಲಿರಬಹುದು. ಗಣಕದ ಪರದೆ ಸಾಮಾನ್ಯವಾಗಿ ಸೆಕೆಂಡಿಗೆ ೬೦ ಸಲ ಹೊಸದಾಗುತ್ತದೆ. ನಮ್ಮ ಚಿತ್ರಗಳು ೫೦. ಐದು ಚಿತ್ರಗಳು ಆರು ಸರದಿಗಳನ್ನು ತುಂಬಬೇಕಾಗಿರುವುದರಿಂದ ಐದರಲ್ಲಿ ಒಂದು ಎರಡು ಸಲ ಕಾಣಿಸಿಕೊಳ್ಳುತ್ತದೆ. ಎಂದರೆ ಸೆಕೆಂಡಿಗೆ ಹತ್ತು ಸಲ ಸಣ್ಣ ಎಡವು. ಪರದೆಯನ್ನು ೫೦ ಹರ್ಟ್ಸಿಗೆ ಹೊಂದಿಸುವ ಅವಕಾಶವಿದ್ದರೆ ಈ ದೋಷ ತಾನಾಗಿ ನೀಗುತ್ತದೆ.

ಮೂರನೆಯ ಪ್ರಶ್ನೆ: ಅಗಲವೆಷ್ಟು, ಎತ್ತರವೆಷ್ಟು?

ದೂರದರ್ಶನದ ಚಿತ್ರವನ್ನು ಅಂಕಿಗಳಾಗಿ ಪರಿವರ್ತಿಸಲು ೧೯೮೨ರಲ್ಲಿ ಒಂದು ಅಂತರರಾಷ್ಟ್ರೀಯ ನಿಯಮ ಏರ್ಪಟ್ಟಿತು. ಅದರಂತೆ ಸಂಕೇತವನ್ನು ಸೆಕೆಂಡಿಗೆ ಒಂದು ಕೋಟಿ ಮೂವತ್ತೈದು ಲಕ್ಷ ಸಲ ಅಳೆಯಬೇಕು. ನಮ್ಮ ೧೫,೬೨೫ ಗೆರೆಗಳಿಂದ ಇದನ್ನು ಭಾಗಿಸಿದರೆ ಒಂದು ಗೆರೆಗೆ ಸರಿಯಾಗಿ ೮೬೪ ಅಳತೆಗಳು ಬರುತ್ತವೆ. ಅಮೆರಿಕದ ಪದ್ಧತಿಯಲ್ಲಿ ೮೫೮. ಎರಡರಲ್ಲಿಯೂ ಚಿತ್ರಕ್ಕೆ ೭೨೦ ಅಳತೆಗಳನ್ನು ಮೀಸಲಿಟ್ಟರು. ಎರಡು ಪದ್ಧತಿಗಳಿಗೂ ಒಂದೇ ಸಂಖ್ಯೆ ಹೊಂದಬೇಕೆಂಬುದು ಉದ್ದೇಶವಾಗಿತ್ತು, ಚಿತ್ರಬಿಂದು ಚೌಕವಾಗಿರಬೇಕೆಂಬುದಲ್ಲ.

ಇದರ ಪರಿಣಾಮವನ್ನು ನೋಡಿ. ೭೨೦ ಬಿಂದುಗಳ ಅಗಲ, ೫೭೬ ಗೆರೆಗಳ ಎತ್ತರ: ಇದರ ಪ್ರಮಾಣ ೫:೪. ಆದರೆ ಹಳೆಯ ದೂರದರ್ಶನದ ಪರದೆಯ ಪ್ರಮಾಣ ೪:೩; ಈಗಿನದು ೧೬:೯. ಇದೇ ೭೨೦ ಮತ್ತು ೫೭೬ ಈ ಎರಡು ಆಕಾರಗಳಿಗೂ ಬಳಕೆಯಾಗುತ್ತವೆ! ಯಾವ ಆಕಾರ ಎಂಬುದನ್ನು ಸಂಕೇತದಲ್ಲಿನ ಒಂದು ಗುರುತು ತಿಳಿಸುತ್ತದೆ. ಹಳದಿ ತಂತಿಯ ಮೂಲಕ ಬಂದ ಚಿತ್ರದಲ್ಲಿ ಆ ಗುರುತು ಸಾಮಾನ್ಯವಾಗಿ ಕಳೆದುಹೋಗಿರುತ್ತದೆ. ೪:೩ರ ಚಿತ್ರವನ್ನು ೧೬:೯ ಎಂದು ಭಾವಿಸಿ ಹಿಗ್ಗಿಸಿದರೆ ಎಲ್ಲ ವಸ್ತುಗಳೂ ಮೂರನೆಯ ಒಂದು ಪಾಲಿನಷ್ಟು ಅಗಲವಾಗುತ್ತವೆ. ಊದಿದ ಮುಖಕ್ಕೆ ಇದೇ ಕಾರಣ.

ಪರೀಕ್ಷೆ ಸುಲಭ. ವೃತ್ತಾಕಾರದ ವಸ್ತುವೊಂದು ನೇರವಾಗಿ ಎದುರಿಗೆ ಕಂಡಾಗ ಚಿತ್ರವನ್ನು ನಿಲ್ಲಿಸಿ, ಅಳತೆಪಟ್ಟಿಯಿಂದ ಅದರ ಅಗಲವನ್ನೂ ಎತ್ತರವನ್ನೂ ಅಳೆಯಿರಿ. ಗೋಡೆಯ ಗಡಿಯಾರವಾಗಬಹುದು, ರಾಷ್ಟ್ರಧ್ವಜದ ಚಿತ್ರದಲ್ಲಿನ ಅಶೋಕಚಕ್ರವಾಗಬಹುದು. ಎರಡೂ ಸಮವಾಗಿಲ್ಲದಿದ್ದರೆ ವಿಡಿಯೋ ಪಟ್ಟಿಯಲ್ಲಿನ ಆಸ್ಪೆಕ್ಟ್ ರೇಷಿಯೋ ಎಂಬುದನ್ನು ೪:೩ ಅಥವಾ ೧೬:೯ ಎಂದು ಬದಲಾಯಿಸಿ ಮತ್ತೆ ಅಳೆಯಿರಿ. ಪರದೆಯ ಎರಡು ಬದಿಗಳಲ್ಲಿ ಕಪ್ಪು ಪಟ್ಟಿ ಉಳಿದರೆ ಬೇಸರ ಬೇಡ. ತುಂಬಿದ ಪರದೆಗಿಂತ ಸರಿಯಾದ ವೃತ್ತ ಮುಖ್ಯ.

ನಾಲ್ಕನೆಯ ಪ್ರಶ್ನೆ: ಕಪ್ಪು ಎಲ್ಲಿ, ಬಿಳುಪು ಎಲ್ಲಿ?

ಗಣಕ ಬೆಳಕಿನ ಮಟ್ಟವನ್ನು ೦ಯಿಂದ ೨೫೫ರ ವರೆಗಿನ ಸಂಖ್ಯೆಗಳಿಂದ ಗುರುತಿಸುತ್ತದೆ. ೦ ಕಪ್ಪು, ೨೫೫ ಬಿಳುಪು. ದೂರದರ್ಶನದ ನಿಯಮದಲ್ಲಿ ಕಪ್ಪು ೧೬, ಬಿಳುಪು ೨೩೫. ಸಂಕೇತ ಒಮ್ಮೊಮ್ಮೆ ಮಿತಿಯನ್ನು ಮೀರಿ ಏರಿದರೆ ಅಥವಾ ಇಳಿದರೆ ಅದಕ್ಕೆ ಎಡೆ ಇರಲೆಂದು ಎರಡು ತುದಿಗಳಲ್ಲಿಯೂ ಸ್ವಲ್ಪ ಸ್ಥಳ ಬಿಟ್ಟಿದ್ದಾರೆ. ಗಣಕ ಈ ೧೬ನ್ನು ೦ಗೆ ಇಳಿಸದೆ ಹಾಗೆಯೇ ತೋರಿಸಿದರೆ ಕಪ್ಪು ಬೂದಿಯಾಗುತ್ತದೆ, ಬಿಳುಪು ಮಾಸುತ್ತದೆ. ತಂತ್ರಾಂಶವೂ ಗಣಕದ ಚಿತ್ರಚಾಲಕವೂ ಒಂದಾದ ಮೇಲೊಂದರಂತೆ ಎರಡು ಸಲ ವಿಸ್ತರಿಸಿದರೆ ನೆರಳಿನಲ್ಲಿರುವ ವಿವರಗಳೆಲ್ಲ ಕಪ್ಪಿನಲ್ಲಿ ಮುಳುಗುತ್ತವೆ.

ಬಹುಮಂದಿ ಇದನ್ನು ಪ್ರಕಾಶದ ಹೊಂದಾಣಿಕೆಯಿಂದ ಸರಿಪಡಿಸಲು ನೋಡುತ್ತಾರೆ. ಅದರಿಂದ ಒಂದು ತುದಿ ಸರಿಯಾದರೆ ಇನ್ನೊಂದು ತುದಿ ಇನ್ನಷ್ಟು ಕೆಡುತ್ತದೆ. ಚಿತ್ರಚಾಲಕದ ಹೊಂದಾಣಿಕೆಗಳಲ್ಲಿ ವಿಡಿಯೋಗೆ ಸೀಮಿತ ವ್ಯಾಪ್ತಿ, ಪೂರ್ಣ ವ್ಯಾಪ್ತಿ ಎಂಬ ಎರಡು ಆಯ್ಕೆಗಳಿದ್ದರೆ, ಅವುಗಳನ್ನು ಬದಲಾಯಿಸಿ ನೋಡುವುದು ಸರಿಯಾದ ದಾರಿ.

ಐದನೆಯ ಪ್ರಶ್ನೆ: ಎಷ್ಟು ಕಾಯಬೇಕು?

ಕಾರ್ಯಕ್ರಮ ಅಂತರಜಾಲದ ಮೂಲಕ ಬರುವಾಗ ಅದರ ಹರಿವು ಒಂದೇ ಸಮನಾಗಿರುವುದಿಲ್ಲ. ಒಮ್ಮೆ ನುಗ್ಗುತ್ತದೆ, ಒಮ್ಮೆ ಬತ್ತುತ್ತದೆ. ಮಳೆ ಹೇಗೆ ಬಂದರೂ ಕೆರೆಯಲ್ಲಿ ನೀರು ನಿಲ್ಲಿಸಿ ತೂಬಿನಿಂದ ಗದ್ದೆಗೆ ಒಂದೇ ಸಮನೆ ಹರಿಸುವಂತೆ, ತಂತ್ರಾಂಶವೂ ಬಂದದ್ದನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಂಡು ಅನಂತರ ತೋರಿಸುತ್ತದೆ. ಈ ಸಂಗ್ರಹದ ಅವಧಿಯನ್ನು ವಿಎಲ್‌ಸಿಯಲ್ಲಿ ಮಿಲಿಸೆಕೆಂಡುಗಳಲ್ಲಿ ಸೂಚಿಸಬಹುದು. ನೆಟ್‌ವರ್ಕ್ ಕ್ಯಾಶಿಂಗ್ ಎಂಬ ಹೆಸರಿನ ಆ ಸಂಖ್ಯೆ ಸಾಮಾನ್ಯವಾಗಿ ೧೦೦೦, ಎಂದರೆ ಒಂದು ಸೆಕೆಂಡು. ಸೆಕೆಂಡಿಗೆ ೪೦ ಲಕ್ಷ ಬಿಟ್ಟುಗಳಂತೆ ಬರುವ ವಾಹಿನಿಗೆ ಇದು ೫ ಲಕ್ಷ ಬೈಟುಗಳ ಕೆರೆ.

ಚಿತ್ರ ಪದೇ ಪದೇ ನಿಲ್ಲುತ್ತಿದ್ದರೆ ಇದನ್ನು ೩೦೦೦ಕ್ಕೋ ೫೦೦೦ಕ್ಕೋ ಏರಿಸಬಹುದು. ಆದರೆ ಕೆರೆ ದೊಡ್ಡದಾದಷ್ಟೂ ವಿಳಂಬ ಹೆಚ್ಚು. ಕ್ರಿಕೆಟ್ ಪಂದ್ಯದಲ್ಲಿ ವಿಕೆಟ್ ಬಿದ್ದ ಸುದ್ದಿ ನೆರೆಮನೆಯವರ ಕೂಗಿನಿಂದ ಮೊದಲು ತಿಳಿದು, ಅನಂತರ ನಮ್ಮ ಪರದೆಯ ಮೇಲೆ ಕಂಡರೆ ಅದಕ್ಕೆ ಇಂತಹ ಸಂಗ್ರಹಗಳೂ ಒಂದು ಕಾರಣ. ನಿರಂತರವಾದ ಹರಿವು, ಶೀಘ್ರವಾದ ದರ್ಶನ, ಇವೆರಡರಲ್ಲಿ ಒಂದನ್ನು ಹೆಚ್ಚಿಸಲು ಇನ್ನೊಂದನ್ನು ಸ್ವಲ್ಪ ಬಿಟ್ಟುಕೊಡಲೇಬೇಕು.

ಆರನೆಯ ಪ್ರಶ್ನೆ: ಧ್ವನಿ ಯಾವಾಗ?

ಚಿತ್ರವನ್ನು ಬಿಡಿಸಿ ಜೋಡಿಸುವ ಕೆಲಸ ಧ್ವನಿಯ ಕೆಲಸಕ್ಕಿಂತ ದೊಡ್ಡದು. ಆದ್ದರಿಂದ ಅನೇಕ ವೇಳೆ ಧ್ವನಿ ಮುಂದೆ ಬಂದು ಚಿತ್ರ ಹಿಂದೆ ಬೀಳುತ್ತದೆ. ನಮ್ಮ ಮನಸ್ಸು ಇದನ್ನು ಬೇಗನೆ ಗುರುತಿಸುತ್ತದೆ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರು ಕಲ್ಲಿಗೆ ಬಟ್ಟೆ ಬಡಿದದ್ದು ಕಂಡ ಮೇಲೆ ಶಬ್ದ ಕೇಳಿಸುವುದು ಎಲ್ಲರ ಅನುಭವ. ಶಬ್ದ ಸೆಕೆಂಡಿಗೆ ಸುಮಾರು ೩೪೦ ಮೀಟರ್ ಸಾಗುವುದರಿಂದ ೩೪ ಮೀಟರ್ ದೂರಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗ ಹಿಡಿಯುತ್ತದೆ. ಶಬ್ದ ತಡವಾಗಿ ಬರುವುದು ಸೃಷ್ಟಿಯಲ್ಲಿ ಸಹಜ. ಮೊದಲು ಬರುವುದು ಎಲ್ಲಿಯೂ ಇಲ್ಲ. ಪ್ರಸಾರಕ್ಕಾಗಿ ಮಾಡಿದ ಅಂತರರಾಷ್ಟ್ರೀಯ ನಿರೂಪಣೆಯೊಂದರ ಪ್ರಕಾರ ಧ್ವನಿ ಸುಮಾರು ೪೫ ಮಿಲಿಸೆಕೆಂಡು ಮುಂದಾದರೆ ನೋಡುವವರಿಗೆ ಗೊತ್ತಾಗುತ್ತದೆ. ಹಿಂದಾದರೆ ೧೨೫ ಮಿಲಿಸೆಕೆಂಡಿನವರೆಗೂ ಗೊತ್ತಾಗುವುದಿಲ್ಲ.

ವಿಎಲ್‌ಸಿಯಲ್ಲಿ ಕೀಲಿಮಣೆಯ ಕೆ ಅಕ್ಷರ ಧ್ವನಿಯನ್ನು ೫೦ ಮಿಲಿಸೆಕೆಂಡು ಹಿಂದಕ್ಕೆ ತಳ್ಳುತ್ತದೆ. ಜೆ ಅಕ್ಷರ ಅಷ್ಟೇ ಮುಂದಕ್ಕೆ ತರುತ್ತದೆ. ಚಪ್ಪಾಳೆ ತಟ್ಟುವ ಅಥವಾ ಬ್ಯಾಟಿಗೆ ಚೆಂಡು ತಗಲುವ ದೃಶ್ಯವನ್ನು ನೋಡುತ್ತ ಇದನ್ನು ಹೊಂದಿಸುವುದು ಸುಲಭ. ತುಟಿಗಳ ಚಲನೆಯನ್ನು ನೋಡಿ ಹೊಂದಿಸುವುದು ಕಷ್ಟ.

ನೋಡುವುದು ಬೇರೆ, ಉಳಿಸುವುದು ಬೇರೆ

ಇದುವರೆಗೆ ಹೇಳಿದುದೆಲ್ಲ ನೋಡುವಾಗಿನ ಮಾತು. ಇಲ್ಲಿ ಎಷ್ಟು ತಪ್ಪಿದರೂ ನಷ್ಟವಿಲ್ಲ. ಹೊಂದಾಣಿಕೆಯನ್ನು ಹಿಂದಿನಂತೆ ಮಾಡಿದರೆ ಚಿತ್ರವೂ ಹಿಂದಿನಂತಾಗುತ್ತದೆ. ಆದರೆ ಅದೇ ಸಾಧನದಿಂದ, ಅದೇ ತಂತ್ರಾಂಶದಿಂದ ಹಳೆಯ ಟೇಪನ್ನು ಗಣಕದಲ್ಲಿ ದಾಖಲಿಸಿ ಇಡುವವರು ಈ ಭೇದವನ್ನು ಚೆನ್ನಾಗಿ ಅರಿತಿರಬೇಕು.

೧೯೮೦ ಮತ್ತು ೧೯೯೦ರ ದಶಕಗಳಲ್ಲಿ ನಮ್ಮ ಊರುಗಳಲ್ಲಿ ಮದುವೆಗಳನ್ನೂ ನಾಟಕಗಳನ್ನೂ ಯಕ್ಷಗಾನದ ಆಟಗಳನ್ನೂ ವಿಎಚ್‌ಎಸ್ ಟೇಪುಗಳಲ್ಲಿ ತೆಗೆದಿಟ್ಟರು. ಅವುಗಳಲ್ಲಿ ಕಾಣುವ ಹಿರಿಯರಲ್ಲಿ ಅನೇಕರು ಈಗಿಲ್ಲ. ತೇವವಿರುವ ಕಡೆ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ. ಕಾಂತೀಯ ಕಣಗಳನ್ನು ಹಿಡಿದಿಟ್ಟ ಅಂಟು ಕಾಲಕ್ರಮದಲ್ಲಿ ಸಡಿಲಗೊಳ್ಳುತ್ತದೆ. ಟೇಪನ್ನು ನಡೆಸುವ ಯಂತ್ರಗಳೂ ಅಪರೂಪವಾಗುತ್ತಿವೆ. ಜಪಾನಿನ ಫುನಾಯ್ ಸಂಸ್ಥೆ ೨೦೧೬ರ ಜುಲೈಯಲ್ಲಿ ಅವುಗಳ ತಯಾರಿಕೆಯನ್ನು ಕೈಬಿಟ್ಟಿತು. ಒಂದು ಟೇಪನ್ನು ಸರಿಯಾಗಿ ದಾಖಲಿಸಲು ದೊರೆಯುವ ಅವಕಾಶ ಬಹುಶಃ ಒಂದೇ ಸಲದ್ದು.

ಹಲ್ಲುಗಳು ಕಾಣುತ್ತವೆಂದು ಡಿ‌ಸ್ಕಾರ್ಡ್ ವಿಧಾನವನ್ನು ಹಚ್ಚಿ ದಾಖಲಿಸಿದರೆ ಎರಡು ಅರ್ಧಚಿತ್ರಗಳಲ್ಲಿ ಒಂದು ಶಾಶ್ವತವಾಗಿ ಹೋಗುತ್ತದೆ. ಬ್ಲೆಂಡ್ ಹಚ್ಚಿದರೆ ಬೆರೆತುಹೋದ ಎರಡು ಕ್ಷಣಗಳನ್ನು ಮತ್ತೆ ಬೇರ್ಪಡಿಸಲಾಗದು. ಆದ್ದರಿಂದ ದಾಖಲಿಸುವಾಗ ಪಾಲ್ ಪದ್ಧತಿ, ೭೨೦ ಮತ್ತು ೫೭೬ರ ಪೂರ್ಣ ಅಳತೆ, ಇಂಟರ್‌ಲೇಸ್ ಆದ ಮೂಲರೂಪ, ಇವುಗಳನ್ನು ಹಾಗೆಯೇ ಉಳಿಸಿಕೊಳ್ಳಬೇಕು. ಡೀಇಂಟರ್‌ಲೇಸಿಂಗನ್ನು ನೋಡುವ ವೇಳೆಗೆ ಬಿಡಬೇಕು. ಇದಕ್ಕೆ ಸ್ಥಳ ಹೆಚ್ಚು ಬೇಕೆಂಬುದು ನಿಜ. ಅರ್ಧಚಿತ್ರಗಳನ್ನು ಹಾಗೆಯೇ ಕಾಪಾಡುವ ಡಿವಿ ಎಂಬ ಕ್ರಮದಲ್ಲಿ ಒಂದು ಗಂಟೆಯ ಟೇಪಿಗೆ ಸುಮಾರು ೧೩ ಗಿಗಾಬೈಟ್ ಹಿಡಿಸುತ್ತದೆ. ಇಂದಿನ ಸಂಗ್ರಹ ಸಾಧನಗಳಲ್ಲಿ ಇದು ದೊಡ್ಡ ಭಾರವಲ್ಲ. ಡಿವಿಯಲ್ಲಿ ಕೆಳಗಿನ ಗೆರೆಗಳ ಅರ್ಧ ಮೊದಲು ಬರುತ್ತದೆಂಬುದನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡಿರಬೇಕು. ಯಾಡಿಫನ್ನು ಮೀರಿಸುವ ವಿಧಾನಗಳು ಈಗಲೇ ಇವೆ, ಮುಂದೆ ಇನ್ನೂ ಬರುತ್ತವೆ. ಎರಡು ಅರ್ಧಗಳೂ ಉಳಿದಿದ್ದರೆ ಅವುಗಳ ಪ್ರಯೋಜನ ಹಳೆಯ ಟೇಪಿಗೂ ದೊರೆಯುವುದು.

ಈ ಲೇಖನವನ್ನು ಓದಿದ ವಿದ್ಯಾರ್ಥಿಗಳು ಒಂದು ಸಣ್ಣ ಪ್ರಯೋಗವನ್ನು ತಾವೇ ಮಾಡಿ ನೋಡಬಹುದು. ಪರದೆಯ ಕೆಳಗೆ ವಾರ್ತೆಯ ಸಾಲು ಓಡುತ್ತಿರುವ ದೃಶ್ಯವನ್ನು ಇಂಟರ್‌ಲೇಸ್ ಆದ ರೂಪದಲ್ಲಿಯೇ ಅರ್ಧ ನಿಮಿಷದಷ್ಟು ದಾಖಲಿಸಿಕೊಳ್ಳಿ. ಡೀಇಂಟರ್‌ಲೇಸಿಂಗನ್ನು ನಿಲ್ಲಿಸಿ ಚಿತ್ರವನ್ನು ತಡೆದು ಅಕ್ಷರಗಳ ಅಂಚನ್ನು ನೋಡಿ. ಅನಂತರ ಡಿಸ್ಕಾರ್ಡ್, ಬ್ಲೆಂಡ್, ಬಾಬ್, ಯಾಡಿಫ್ ೨ಎಕ್ಸ್ ಎಂಬ ಕ್ರಮದಲ್ಲಿ ಒಂದೊಂದನ್ನೂ ಹಚ್ಚಿ, ಕಂಡದ್ದನ್ನು ಬರೆದಿಡಿ. ಪ್ರತಿ ಸಲವೂ ಒಂದೇ ಹೊಂದಾಣಿಕೆಯನ್ನು ಬದಲಾಯಿಸಿ, ಉಳಿದವುಗಳನ್ನು ಹಾಗೆಯೇ ಬಿಡಬೇಕು. ಪ್ರಯೋಗಶಾಲೆಯ ಈ ಸಾಮಾನ್ಯ ನಿಯಮವನ್ನು ಪಾಲಿಸಿದರೆ ಯಾವ ಹೊಂದಾಣಿಕೆ ಯಾವ ದೋಷವನ್ನು ಕಳೆಯಿತೆಂಬುದು ಸಂದೇಹವಿಲ್ಲದೆ ತಿಳಿಯುವುದು; ಮನೆಯ ಹಳೆಯ ಟೇಪನ್ನು ದಾಖಲಿಸುವ ದಿನ ಬಂದಾಗ ಕೈ ತಡವರಿಸದು.